ಪಾರಣೆಯಿಲ್ಲದ ಉಪವಾಸ

ವ್ರತೋಪವಾಸಗಳ ವಿಚಾರಕ್ಕೆ ಮೀಸಲಾದ ಈ ಪುಟಗಳಲ್ಲಿ ದೂರದರ್ಶನದ ಮಾತೇಕೆ ಎಂದು ವಾಚಕರು ಕೇಳಬಹುದು. ಅನ್ನವನ್ನು ಬಿಡುವುದೆಂದರೇನು ಎಂಬ ಪ್ರಶ್ನೆ ಅದರಲ್ಲಿ ಅಡಗಿರುವುದರಿಂದಲೇ ಈ ಪ್ರಸ್ತಾಪ.

ಪೆಸಿಫಿಕ್ ಮಹಾಸಾಗರದ ಫಿಜಿ ದ್ವೀಪಗಳ ಮೂಲನಿವಾಸಿಗಳಲ್ಲಿ ತುಂಬಿದ ಮೈಯೇ ಸ್ತ್ರೀಗೆ ಶೋಭೆಯೆನಿಸಿತ್ತು. ಮೈ ತುಂಬಿದ್ದರೆ ಬಂಧುಬಳಗವು ಆಕೆಯನ್ನು ಆದರದಿಂದ ನೋಡಿಕೊಂಡಿದೆಯೆಂದು ಅರ್ಥ. ಸೊರಗಿದರೆ ಆ ಕೊರತೆ ಮನೆಯವರದು. ಹಸಿವು ಕುಂದಿದರೆ ಅದನ್ನು ರೋಗವೆಂದೇ ಬಗೆದು ಗಿಡಮೂಲಿಕೆಯ ಔಷಧ ಕೊಡುತ್ತಿದ್ದರು. (ನಮ್ಮ ಅಜ್ಜಿಯರ ಎಣಿಕೆಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ.) 1995ರಲ್ಲಿ ಅಲ್ಲಿನ ನಾಂದ್ರೋಂಗಾ ಪ್ರಾಂತಕ್ಕೆ ದೂರದರ್ಶನ ಬಂದಿತು, ಪರದೇಶಗಳ ಧಾರಾವಾಹಿಗಳೂ ಅವುಗಳ ಕೃಶಾಂಗಿ ನಟಿಯರೂ ಮನೆಯೊಳಗೆ ಬಂದರು. ಹಾರ್ವರ್ಡ್ ವಿಶ್ವವಿದ್ಯಾಲಯದ ಆನ್ ಬೆಕರ್ ಎಂಬ ವೈದ್ಯೆಯು ಅದು ಬಂದ ಕೆಲವೇ ವಾರಗಳಲ್ಲಿ ಶಾಲೆಯ ಬಾಲಿಕೆಯರನ್ನು ವಿಚಾರಿಸಿ, 1998ರಲ್ಲಿ ಅದೇ ವಯಸ್ಸಿನ ಮತ್ತೊಂದು ತಂಡವನ್ನು ವಿಚಾರಿಸಿದರು. ಫಲಿತಾಂಶವು 2002ರಲ್ಲಿ ಪ್ರಕಟವಾಯಿತು. ತೂಕ ಇಳಿಸಲೆಂದು ಉಂಡುದನ್ನು ತಾನೇ ವಾಂತಿಮಾಡಿಕೊಳ್ಳುವವಳು ಮೊದಲ ತಂಡದಲ್ಲಿ ಒಬ್ಬಳೂ ಇರಲಿಲ್ಲ; ಎರಡನೆಯದರಲ್ಲಿ ಶೇಕಡ 11.3 ಮಂದಿ ಇದ್ದರು. ತಾವು ದಪ್ಪವೆಂದು ಒಮ್ಮೊಮ್ಮೆಯಾದರೂ ಅನ್ನಿಸುವುದೆಂದವರು ಶೇಕಡ 74.

ಒಂದೊಂದು ತಂಡದಲ್ಲಿದ್ದವರು ಅರುವತ್ತು ಚಿಲ್ಲರೆ ಮಂದಿ ಮಾತ್ರ. ಆದುದರಿಂದ ಎಲ್ಲ ದೋಷವನ್ನೂ ಆ ಪೆಟ್ಟಿಗೆಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಆ ಬಾಲಿಕೆಯರದು ಬರಿಯ ಅಲಂಕಾರದ ಮೋಹವೂ ಆಗಿರಲಿಲ್ಲ. ತೆಳ್ಳಗಾದರೆ ತಮಗೂ ಪರದೆಯ ಮೇಲಿನವರಂತೆ ಉದ್ಯೋಗ ದೊರೆತೀತೆಂಬ ಆಸೆಯನ್ನು ಅವರಲ್ಲಿ ಕೆಲವರು ತೋಡಿಕೊಂಡಿದ್ದರು. ನನ್ನ ಮನಸ್ಸನ್ನು ಹೆಚ್ಚು ಕಲಕಿದುದು ಇದೇ. ಅಂದು ಮನೆಯ ಒಂದು ಮೂಲೆಯಲ್ಲಿದ್ದ ಆ ಪರದೆ ಇಂದು ನಮ್ಮ ಹೆಣ್ಣುಮಕ್ಕಳ ಅಂಗೈಯಲ್ಲಿದೆ.

ಇನ್ನು ನಮ್ಮ ಮನೆಯ ಮಾತು. ವ್ರತಿಯಾದವನು ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಂದ ರಹಿತನಾಗಿರಬೇಕೆಂಬುದು ಉಮಾಸ್ವಾಮಿಗಳ ಅಭಿಪ್ರಾಯ. ನಿದಾನವೆಂದರೆ ಭೋಗದ ಫಲವನ್ನು ಬಯಸುವುದು. ಸ್ವರ್ಗಸುಖವನ್ನು ಬಯಸಿ ತಪಸ್ಸು ಮಾಡಿದವರ ಕಥೆಗಳನ್ನು ಪುರಾಣಗಳಲ್ಲಿ ಕೇಳಿದ್ದೇವೆ. ಕನ್ನಡಿಯ ಮುಂದೆ ಕಾಣುವ ಫಲವನ್ನು ಬಯಸುವುದೂ ಅದೇ ಜಾತಿಯದೆಂದು ನನಗೆ ತೋರುತ್ತದೆ. ಹೊಟ್ಟೆ ಎರಡೆಡೆಯಲ್ಲಿಯೂ ಬರಿದು. ಆದರೆ ಅನಶನವು ಕಾಯದ ಮಮತೆಯನ್ನು ಸಡಿಲಿಸಲೆಂದು ಇರುವಂಥದು. ಈ ಹಸಿವಾದರೋ ದಿನವೆಲ್ಲ ಕಾಯವನ್ನೇ ಚಿಂತಿಸುವಂತೆ ಮಾಡುತ್ತದೆ.

ಇದರಲ್ಲಿ ಹಿರಿಯರಾದ ನಮ್ಮ ಪಾಲು ಇಲ್ಲದಿಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸವಿದ್ದ ಹುಡುಗಿಯನ್ನು ಬಸದಿಯ ಅಂಗಳದಲ್ಲಿ ಕಂಡು, "ಎಷ್ಟು ತೆಳ್ಳಗಾಗಿದ್ದೀಯಮ್ಮ, ಈಗ ಲಕ್ಷಣವಾಗಿ ಕಾಣುತ್ತೀ" ಎಂದು ಹೊಗಳುವವರಿದ್ದಾರೆ. ಮಾತು ಒಳ್ಳೆಯ ಮನಸ್ಸಿನದೇ. ಆದರೂ ಅವಳು ಮಾಡಿದ ತ್ಯಾಗವನ್ನು ನಾವೇ ತೂಕದ ಲೆಕ್ಕಕ್ಕೆ ಬರೆದಂತಾಯಿತು. ಮುಂದಿನ ಅಷ್ಟಮಿಗೆ, ಚತುರ್ದಶಿಗೆ, ಬಳಿಕ ಯಾವ ತಿಥಿಯೂ ಅಲ್ಲದ ದಿನಕ್ಕೆ ಅವಳು "ಇಂದು ನನಗೆ ಉಪವಾಸ" ಎಂದರೆ, ವ್ರತದ ಹೆಸರನ್ನು ಕೇಳಿದ ತಾಯಿ ಸಂತೋಷಪಟ್ಟು ಸುಮ್ಮನಾಗುತ್ತಾಳೆ. ಬೇರೆ ಮನೆಗಳಲ್ಲಿ ತಟ್ಟೆ ಸರಿಸಿದ ಮಗಳನ್ನು ಯಾರಾದರೂ ಗದರಿಸಿಯಾರು. ನಮ್ಮಲ್ಲಿ ಆ ಗದರಿಕೆಯೂ ಇಲ್ಲ.

ಹಾಗೆಂದು ಪ್ರತಿಯೊಬ್ಬ ಉಪವಾಸಿಯನ್ನೂ ಸಂದೇಹಿಸತಕ್ಕದ್ದೆ? ಅದು ಅನ್ಯಾಯವಾದೀತು, ಇನ್ನೊಬ್ಬರ ಭಾವವನ್ನು ಅಳೆಯುವ ಕೋಲು ನಮ್ಮಲ್ಲಿ ಯಾರ ಬಳಿಯೂ ಇಲ್ಲ. ಆದರೆ ಪಾರಣೆಯ ಹೊತ್ತನ್ನು ಗಮನಿಸಬಹುದು. ವ್ರತ ಮುಗಿಸಿದವಳು ಮನೆಯವರ ಜೊತೆ ಕುಳಿತು ಸಮಾಧಾನದಿಂದ ಉಣ್ಣುತ್ತಾಳೆ. ಆ ಇನ್ನೊಂದು ಉಪವಾಸದವಳಿಗೆ ಪಾರಣೆಯೇ ಭಯ. ಬಡಿಸಿದುದನ್ನು ಕದಡುತ್ತಾಳೆ, ನೆಪ ಹೇಳಿ ಏಳುತ್ತಾಳೆ, ಉಂಡ ಕೂಡಲೆ ಬಚ್ಚಲಿಗೆ ಹೋಗಿ ಬಾಗಿಲಿಕ್ಕಿಕೊಳ್ಳುತ್ತಾಳೆ. ಅಂಥವಳನ್ನು ಮುಂದಿನ ವ್ರತಕ್ಕೆ ಹುರಿದುಂಬಿಸದೆ, ಹಂಗಿಸದೆ, ತಾಯಿಯು ಏಕಾಂತದಲ್ಲಿ ಕೂರಿಸಿಕೊಂಡು ಕೇಳಿ, ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ಅವಳ ವ್ರತ ಅಲ್ಲಿಯವರೆಗೆ ಕಾದಿರಲಿ.