ಹೊಟ್ಟೆ ಚಿಕ್ಕದಾಯಿತು, ಆಸೆ ಚಿಕ್ಕದಾಯಿತೇ?

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಿಂದ ಬಂದಿರುವ ಕುಟುಂಬಗಳಿಗೂ, ಇದನ್ನು ಆಮೇಲೆ ಮೊಬೈಲಿನಲ್ಲಿ ಓದುವವರಿಗೂ ದೇವರು ಸಮಾಧಾನ ಕೊಡಲಿ.

ಇವತ್ತು ಊಟದ ವಿಷಯ ಮಾತಾಡೋಣ. ನಗಬೇಡಿ, ಗಂಭೀರವಾದ ವಿಷಯವೇ. ತೂಕ ಇಳಿಸೋಕೆ ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡವರು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಮಾಡಿಸಿಕೊಂಡು ಬರ್ತಾರೆ. ಕೆಲವರು ಹೇಳಿಕೊಳ್ತಾರೆ, ಕೆಲವರು ಹೇಳಿಕೊಳ್ಳಲ್ಲ. ಅಂಥವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಕೊರೆಯುತ್ತಿರುತ್ತವೆ. ಒಂದು: ಹೊಟ್ಟೆಯನ್ನೇ ಕತ್ತರಿಸಿಕೊಂಡು ಕಡಿಮೆ ತಿಂದರೆ ಅದನ್ನು ಸಂಯಮ ಅನ್ನಬಹುದಾ? ಎರಡು: ಇಷ್ಟೆಲ್ಲ ಆದ ಮೇಲೂ ತಿನ್ನುವ ಆಸೆ ಬರ್ತಾನೇ ಇದೆಯಲ್ಲ, ಅದು ಪಾಪವಾ? ಆಪರೇಷನ್ ಆಗದೇ ಇರುವ ನಮಗೂ ಈ ಪ್ರಶ್ನೆಗಳಲ್ಲಿ ಪಾಲಿದೆ. ಯಾಕೆ ಅಂತ ಮುಂದೆ ನೋಡೋಣ.

ಮೊದಲು ಒಂದು ಗೊಂದಲ ಕಳೆಯಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕಿರುತೆರೆ ನಟಿಯೊಬ್ಬರು, 21 ವರ್ಷದ ಹೆಣ್ಣುಮಗಳು, ತೀರಿಕೊಂಡರು. ಆ ಸುದ್ದಿ ಕೇಳಿ ಬಹಳ ಜನ ಬೆಚ್ಚಿದರು. ಚರ್ಮದ ಕೆಳಗಿನ ಕೊಬ್ಬು ತೆಗೆಯುವುದು ಒಂದು ಚಿಕಿತ್ಸೆ. ಬೇರಿಯಾಟ್ರಿಕ್ ಸರ್ಜರಿ ಅನ್ನುವುದು ಬೇರೆ. ಅದರಲ್ಲಿ ಕೈ ಹಾಕುವುದು ಜಠರಕ್ಕೆ. ಸ್ಲೀವ್ ಅನ್ನುವ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚೇ, ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಷ್ಟು ಅಗಲದ ಒಂದು ಕೊಳವೆ. ಬೈಪಾಸ್ ಅನ್ನುವ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ಸಣ್ಣ ಕರುಳಿಗೆ ಮುಂದೆ ಜೋಡಿಸುತ್ತಾರೆ. ಇದು ಅಂದಚೆಂದಕ್ಕಾಗಿ ಮಾಡಿಸುವ ಆಪರೇಷನ್ ಅಂದುಕೊಳ್ಳಬೇಡಿ. ಸಕ್ಕರೆ ಕಾಯಿಲೆ, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮಂಡಿ ಸವೆತ, ಇವುಗಳಿಂದ ನರಳುವವರಿಗೆ ವೈದ್ಯರು ಪರೀಕ್ಷೆ ಮಾಡಿ ಸೂಚಿಸುತ್ತಾರೆ.

"ವಿಶ್ವಾಸ ಇರೋರು ಇದನ್ನೆಲ್ಲ ಯಾಕೆ ಮಾಡಿಸ್ಕೊಬೇಕು? ಬಾಯಿ ಕಟ್ಟೋಕೆ ಆಗಲ್ವಾ?" ಅಂತ ಕೇಳುವವರಿದ್ದಾರೆ. ಕಣ್ಣಿನ ಪೊರೆ ತೆಗೆಸಿಕೊಂಡ ತಾತನಿಗೆ ನಾವು ಹಾಗೆ ಕೇಳ್ತೀವಾ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ನೂರಕ್ಕೆ 23 ಜನ ಅಧಿಕ ತೂಕದವರಿದ್ದರು. 2019-21ರ ಹೊತ್ತಿಗೆ ಅದು ನೂರಕ್ಕೆ 30 ಆಯಿತು. ನಾಲ್ಕೈದು ವರ್ಷದಲ್ಲಿ ಇಷ್ಟು ಜನ ಒಟ್ಟಿಗೆ ಹೊಟ್ಟೆಬಾಕರಾದರು ಅಂತ ಹೇಳೋಕೆ ಆಗುತ್ತದಾ? ಗದ್ದೆ ಕೆಲಸ ಕಡಿಮೆಯಾಗಿದೆ, ಕೂತು ಮಾಡುವ ಕೆಲಸ ಹೆಚ್ಚಾಗಿದೆ, ಎಣ್ಣೆ ಸಕ್ಕರೆ ಅಗ್ಗವಾಗಿ ಕೈಗೆ ಸಿಗುತ್ತಿದೆ. ತೂಕ ನೋಡಿ ಮನುಷ್ಯನ ಭಕ್ತಿ ಅಳೆಯಬೇಡಿ.

ಈಗ ನಮ್ಮ ಸೀಮೆ ನೋಡಿ. 1933ರಲ್ಲಿ ಮೈಷುಗರ್ ಬಂದಾಗಿನಿಂದ ಮಂಡ್ಯ ಅಂದರೆ ಸಕ್ಕರೆ ನಾಡು. ಆಲೆಮನೆ ಕಡೆ ಹೋದವರಿಗೆ ಕಬ್ಬಿನ ಹಾಲು ಕುಡಿಸದೆ, ಬಿಸಿ ಬೆಲ್ಲ ಕೈಗಿಡದೆ ಕಳಿಸಲ್ಲ. ಮದ್ದೂರು ಸ್ಟೇಷನ್ ಬಂತು ಅಂದರೆ ಹಸಿವು ಇರಲಿ ಬಿಡಲಿ, ರವೆ ಈರುಳ್ಳಿ ವಡೆಯ ವಾಸನೆಗೆ ಬಾಯಲ್ಲಿ ನೀರು. ಮಳವಳ್ಳಿ ತಾಲ್ಲೂಕಿನ ಬಂಡೂರು, ಕುರಿತಳಿಯ ಹೆಸರಾಗಿಯೇ ನಾಡಿಗೆಲ್ಲ ಗೊತ್ತು. ಬೀಗರೂಟದಲ್ಲಿ ಬಾಡಿಲ್ಲ ಅಂದರೆ ಅದು ಊಟವೇ ಅಲ್ಲ ಅನ್ನುವ ಜನ ನಾವು. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ಎದ್ದ ಕೂಗು ನಿಮಗೆ ನೆನಪಿರಬಹುದು. ಆ ಜಗಳ ರುಚಿಗಾಗಿ ಮಾತ್ರ ಆಗಿತ್ತಾ? "ನಮ್ಮ ಮನೆಯ ಊಟಕ್ಕೂ ಈ ಪಂಕ್ತಿಯಲ್ಲಿ ಜಾಗ ಇದೆಯಾ" ಅನ್ನುವ ಪ್ರಶ್ನೆ ಅದರೊಳಗಿತ್ತು. ನಮ್ಮ ಕಡೆ ಊಟ ಅಂದರೆ ಮರ್ಯಾದೆ, ನಂಟು, ಪ್ರೀತಿ.

ಇಂಥ ಊರಿಗೆ ಆಪರೇಷನ್ ಆದ ಒಬ್ಬ ಅಕ್ಕ ವಾಪಸ್ ಬಂದರು ಅಂತ ಇಟ್ಟುಕೊಳ್ಳಿ. ಮೊದಲು ತಿಳಿನೀರಿನಂಥದ್ದು, ಆಮೇಲೆ ಗಂಜಿಯಂಥದ್ದು, ಆಮೇಲೆ ಕಿವುಚಿದ್ದು, ಮೆತ್ತಗಿನದ್ದು, ಹೀಗೆ ವಾರಗಳ ಲೆಕ್ಕದಲ್ಲಿ ಹೊಸದಾಗಿ ಊಟ ಕಲೀಬೇಕು. ಪ್ರತಿ ತುತ್ತನ್ನೂ ನುಣ್ಣಗೆ ಅಗಿಯಬೇಕು. ನಮ್ಮಲ್ಲಿ ಮುದ್ದೆಯನ್ನು ಅಗಿಯುವವನನ್ನು ನೋಡಿ ನಗ್ತಾರೆ, ಅದನ್ನು ಸಾರಿನಲ್ಲಿ ಅದ್ದಿ ನುಂಗಬೇಕು. ಆ ಅಕ್ಕ ಹಾಗೆ ನುಂಗಿದರೆ ತುತ್ತು ಎದೆಯಲ್ಲೇ ನಿಂತು ಒದ್ದಾಡಬೇಕಾಗುತ್ತದೆ. ಊಟದ ಜೊತೆ ನೀರು ಕುಡಿಯೋ ಹಾಗಿಲ್ಲ, ಸುಮಾರು ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಕಬ್ಬಿನ ಹಾಲು, ಮೈಸೂರು ಪಾಕ್ ಆಸೆಗೆ ತಗೊಂಡರೆ, ಅದರಲ್ಲೂ ಬೈಪಾಸ್ ಆದವರಿಗೆ, ಬೆವರು, ಎದೆಬಡಿತ, ಹೊಟ್ಟೆನುಲಿತ, ಭೇದಿ ಶುರುವಾಗಬಹುದು. ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಜೀವಮಾನ ಪೂರ್ತಿ. ಸುಲಭದ ದಾರಿ ಹಿಡಿದರು ಅಂತ ಆಡಿಕೊಳ್ಳುವವರು ಇದನ್ನು ಒಂದು ವಾರ ಮಾಡಿ ನೋಡಲಿ.

ಈಗ ಆಸೆಯ ವಿಷಯಕ್ಕೆ ಬರೋಣ. ಹಸಿವು ಬೇರೆ, ಆಸೆ ಬೇರೆ. ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನನ್ನು 1999ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಅದು ಹೆಚ್ಚಾಗಿ ತಯಾರಾಗುವುದು ಜಠರದ ಮೇಲ್ಭಾಗದಲ್ಲಿ. ಸ್ಲೀವ್ ಆಪರೇಷನ್‌ನಲ್ಲಿ ತೆಗೆದುಹಾಕುವುದು ಆ ಭಾಗವನ್ನೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಕೆಲವರಿಗೆ ಹಸಿವೇ ಆಗಲ್ಲ. ಸಿಹಿ ಅತಿಯಾಯಿತು ಅನ್ನಿಸುತ್ತದೆ, ಇಷ್ಟವಾಗಿದ್ದ ಬಾಡಿನ ವಾಸನೆಯೇ ಬೇಡ ಅನ್ನಿಸುತ್ತದೆ. "ಅಬ್ಬಾ, ಗೆದ್ದೆ" ಅಂತ ಸಂತೋಷ. ಆದರೆ ತಿಂಗಳುಗಳು ಕಳೆದಂತೆ ನಾಲಿಗೆಯ ರುಚಿ ತಿರುಗುತ್ತದೆ, ಹಸಿವು ಮತ್ತೆ ಮೆಲ್ಲಗೆ ಬರುತ್ತದೆ. ಸಾಮಾನ್ಯವಾಗಿ ಒಂದೂವರೆ ಎರಡು ವರ್ಷದ ಹೊತ್ತಿಗೆ ತೂಕ ಇಳಿಯುವುದು ನಿಲ್ಲುತ್ತದೆ, ಹಲವರಿಗೆ ಸ್ವಲ್ಪ ಏರುತ್ತದೆ. ಆಗ ಮನಸ್ಸು ಕುಸಿಯುತ್ತದೆ. "ದೇಹ ಕತ್ತರಿಸಿಕೊಂಡೆ, ಆಸೆ ಮಾತ್ರ ಹಾಗೇ ಇದೆ, ನಾನೆಂಥ ಮನುಷ್ಯಳು?"

ಕಬ್ಬು ಬೆಳೆಯುವವರಿಗೆ ಇದು ಅರ್ಥವಾಗಬೇಕು. ಕಬ್ಬು ಕಡಿದು ಲಾರಿಗೆ ತುಂಬಿ ಕಳಿಸಿದ ಮೇಲೆ ಗದ್ದೆ ಬೋಳಾಗಿ ಕಾಣುತ್ತದೆ. ಬೇರು ಅಲ್ಲೇ ಇದೆ. ನೀರು ಬಿಟ್ಟರೆ ಕೂಳೆ ಚಿಗುರುತ್ತದೆ. ಚಿಗುರಿತು ಅಂತ ಯಾವ ರೈತನೂ ಗದ್ದೆಯನ್ನು ಬೈಯಲ್ಲ. ಆಪರೇಷನ್ ಕಡಿದದ್ದು ಜಠರವನ್ನು. ಆಸೆಯ ಬೇರು ನೆನಪಿನಲ್ಲಿದೆ: ಅವ್ವ ಮಾಡ್ತಿದ್ದ ಬಸ್ಸಾರಿನಲ್ಲಿ, ಅಪ್ಪ ಸಂತೆಯಿಂದ ತರ್ತಿದ್ದ ಖಾರಾ ಪೊಟ್ಟಣದಲ್ಲಿ, ಒಬ್ಬಂಟಿಯಾಗಿ ಕೂತ ಸಂಜೆಗಳಲ್ಲಿ. ಅಲ್ಲಿಗೆ ಯಾವ ಸರ್ಜನ್ನಿನ ಕತ್ತಿಯೂ ಹೋಗಲ್ಲ. ಚಿಗುರುವುದು ಸಹಜ. ಚಿಗುರಿದ ಮೇಲೆ ನೀವೇನು ಮಾಡ್ತೀರಿ ಅನ್ನುವುದೇ ಪ್ರಶ್ನೆ.

ಅರಣ್ಯಕಾಂಡದ 11ನೇ ಅಧ್ಯಾಯ ಮನೆಗೆ ಹೋಗಿ ಓದಿಕೊಳ್ಳಿ. ಇಸ್ರಾಯೇಲ್ ಜನ ಮರುಭೂಮಿಯಲ್ಲಿ ಮನ್ನ ತಿಂದು ಬೇಸತ್ತು, ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ನೆನೆಸಿಕೊಂಡು ಅತ್ತರು. ಈರುಳ್ಳಿ ನೆನಪಾದದ್ದಕ್ಕೆ ನಾನು ಅವರನ್ನು ತಪ್ಪು ಅನ್ನಲ್ಲ. ಆದರೆ ಆ ನೆನಪು ಎಷ್ಟು ಕಳ್ಳ ನೋಡಿ! ಈರುಳ್ಳಿಯನ್ನು ಇಟ್ಟುಕೊಂಡಿತು, ಇಟ್ಟಿಗೆ ಹೊತ್ತದ್ದನ್ನು ಮರೆಸಿತು. ಬಿಡುಗಡೆಗಿಂತ ಈರುಳ್ಳಿಯೇ ದೊಡ್ಡದು ಅಂದುಕೊಂಡಾಗ ಅವರು ಬಿದ್ದರು. ಆಸೆ ಬಂದಾಗ ವಡೆ ನೆನಪಾಗುತ್ತದೆ. ಮೆಟ್ಟಿಲು ಹತ್ತೋಕೆ ಆಗದೆ ಏದುಸಿರು ಬಿಟ್ಟದ್ದು, ರಾತ್ರಿ ಉಸಿರು ಕಟ್ಟಿ ಎದ್ದು ಕೂತದ್ದು ನೆನಪಾಗಲ್ಲ. ಅದನ್ನು ನಾವೇ ನೆನಪಿಸಿಕೊಳ್ಳಬೇಕು. ಇನ್ನೊಂದು ವಿಷಯ: ನಮ್ಮ ಕರ್ತನಿಗೆ 40 ದಿನದ ಉಪವಾಸದ ಮೇಲೆ ಬಂದ ಮೊದಲ ಶೋಧನೆಯೇ ರೊಟ್ಟಿಯದ್ದು. ಶೋಧನೆ ಬಂದದ್ದಕ್ಕೆ ಆತನು ಪಾಪಿಯಾಗಲಿಲ್ಲ. ಹಾಗಾದರೆ ಆಸೆ ಬಂತು ಅಂತ ನೀವು ಯಾಕೆ ನಿಮ್ಮನ್ನೇ ಶಪಿಸಿಕೊಳ್ತೀರಿ?

ಇನ್ನು ಮೊದಲನೇ ಪ್ರಶ್ನೆ. ತುಂಬಿದ ಚೀಲಕ್ಕೆ ಇನ್ನಷ್ಟು ಹಿಡಿಯಲ್ಲ ಅಂತ ನಿಲ್ಲಿಸಿದರೆ ಅದು ಸಂಯಮವಾ? ಪ್ರಾಮಾಣಿಕವಾಗಿ ಹೇಳೋಣ, ಇನ್ನೂ ಅಲ್ಲ. ನಾಲೆಯಲ್ಲಿ ನೀರಿಲ್ಲದ ವರ್ಷ ನೀರು ಪೋಲು ಮಾಡದವನನ್ನು ಜಾಣ ಅನ್ನಲ್ಲ ನಾವು. ಆದರೆ ಅದೇ ವರ್ಷ ಕಡಿಮೆ ನೀರಿನ ಬೇಸಾಯ ಕಲಿತು, ನಾಲೆ ತುಂಬಿ ಹರಿದಾಗಲೂ ಹಾಗೇ ನಡೆದುಕೊಂಡರೆ? ಆಗ ಅವನು ಜಾಣ. ಆಪರೇಷನ್ನಿನ ಮೊದಲ ವರ್ಷ ಹಾಗೆ ಸಿಕ್ಕ ಕಾಲಾವಕಾಶ. ಹಸಿವಿನ ಗದ್ದಲ ತಗ್ಗಿರುವಾಗ ಕಲಿಯುವುದನ್ನು ಕಲಿತುಬಿಡಬೇಕು: ಮೊದಲು ಮೊಟ್ಟೆ, ಮೀನು, ಬೇಳೆ, ಹುರುಳಿಕಟ್ಟು, ಆಮೇಲೆ ಸೊಪ್ಪು ತರಕಾರಿ, ಕೊನೆಗೆ ಜಾಗ ಇದ್ದರೆ ಅನ್ನ ಮುದ್ದೆ. ಹೊತ್ತು ಹೊತ್ತಿಗೆ ಊಟ, ಮಧ್ಯೆ ಕೈಯಾಡಿಸುವುದು ಬೇಡ. ಐಸ್‌ಕ್ರೀಂ, ಜ್ಯೂಸ್, ಚಿಪ್ಸ್ ಇವು ಸಣ್ಣ ಹೊಟ್ಟೆಯಲ್ಲೂ ಸುಲಭವಾಗಿ ಜಾರಿಹೋಗುತ್ತವೆ, ಬೇಲಿ ಇದ್ದರೂ ಕೆಳಗಿಂದ ನುಸುಳುವ ಹಂದಿಯ ಹಾಗೆ. ಆಮೇಲೆ ಹಸಿವು ಮರಳಿ ಬಂದ ದಿನ, ಇನ್ನೆರಡು ತುತ್ತು ತಿನ್ನಬಹುದಾಗಿದ್ದರೂ "ಸಾಕು" ಅಂದರಲ್ಲ, ಆ ದಿನ ಅದು ಸಂಯಮ. ವೈದ್ಯರು ಕೊಟ್ಟದ್ದು ಬೇಲಿ. ಬೇಸಾಯ ನೀವೇ ಮಾಡಬೇಕು.

ಎಚ್ಚರಿಕೆ ಒಂದಿದೆ. ಆಸೆ ಮನೆ ಬದಲಾಯಿಸುತ್ತದೆ. ಊಟದಿಂದ ದುಃಖ ಮರೆಯುತ್ತಿದ್ದವನಿಗೆ ಊಟ ಸಿಗದಾದಾಗ ಬೇರೇನೋ ಹುಡುಕುತ್ತಾನೆ. ಮುಖ್ಯವಾಗಿ ಬೈಪಾಸ್ ಆದವರಲ್ಲಿ ಮದ್ಯ ಬೇಗ ರಕ್ತಕ್ಕೆ ಸೇರುತ್ತದೆ, ಜೋರಾಗಿ ಏರುತ್ತದೆ, ಚಟ ಅಂಟುವ ಅಪಾಯ ಹೆಚ್ಚು. ಆದ್ದರಿಂದ ಆಸೆ ಬಂದಾಗ ಬರೀ "ಬೇಡ" ಅನ್ನಬೇಡಿ. "ನನಗೆ ನಿಜವಾಗಿ ಏನು ಬೇಕಾಗಿದೆ?" ಅಂತ ಕೇಳಿಕೊಳ್ಳಿ. ಒಬ್ಬರ ಜೊತೆ ಮಾತು ಬೇಕಾಗಿರಬಹುದು, ನಿದ್ದೆ ಬೇಕಾಗಿರಬಹುದು, ಒಂದು ಅಳು ಬೇಕಾಗಿರಬಹುದು. ಅದನ್ನು ದೇವರ ಮುಂದೆ ಇಡಿ, ನಿಮ್ಮ ವೈದ್ಯರಿಗೂ ಮುಚ್ಚಿಡದೆ ಹೇಳಿ.

ಈಗ ನಮ್ಮ ಪಾಲಿಗೆ ಬಂತು. ಬೀಗರೂಟದಲ್ಲಿ ಬಡಿಸುವವರು ನಾವೇ ತಾನೇ? "ಏನವ್ವ, ಇಷ್ಟೇನಾ ಉಣ್ಣೋದು? ನಮ್ಮನೆ ಊಟ ಸೇರಲಿಲ್ವಾ? ಇನ್ನೊಂದು ಹಾಕಸ್ಕೊ!" ಪ್ರೀತಿಯಿಂದಲೇ ಹೇಳ್ತೀವಿ. ಆದರೆ ಬೇಡ ಅಂದವರ ಎಲೆಗೆ ಬಲವಂತವಾಗಿ ಬಡಿಸುವ ಪ್ರೀತಿ ಯಾರ ಸಂತೋಷಕ್ಕೆ? ಅವರು ತಿಂದರೆ ಸಂಕಟ ಅವರಿಗೆ, ತಿನ್ನದಿದ್ದರೆ ಅವಮಾನ ನಮಗೆ ಅಂದುಕೊಂಡರೆ, ನಾವು ಬಡಿಸಿದ್ದು ನಮ್ಮ ಮರ್ಯಾದೆಯನ್ನು. ಒಬ್ಬರು ಒಂದು ಮೊಟ್ಟೆ, ಎರಡು ಚಮಚ ಉಪ್ಸಾರು ತಗೊಂಡು ಪಂಕ್ತಿಯಲ್ಲಿ ಕೊನೆಯ ತನಕ ಕೂತರೆ, ಅವರು ನಮ್ಮ ಜೊತೆ ಪೂರ್ತಿ ಉಂಡ ಹಾಗೆಯೇ. ಕಾರಣ ಕೇಳಬೇಡಿ. "ಸಣ್ಣಗಾಗಿಬಿಟ್ರಲ್ಲ, ಏನು ಕಾಯಿಲೆ?" ಅಂತ ಎಲ್ಲರೆದುರು ವಿಚಾರಿಸಬೇಡಿ.

ಸಭೆಯಾಗಿಯೂ ಕಲಿಯಬೇಕಾದದ್ದಿದೆ. ಉಪವಾಸ ಪ್ರಾರ್ಥನೆಗೆ ಕರೆ ಕೊಟ್ಟಾಗ, ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರು, ಬಸುರಿ ಬಾಣಂತಿಯರು ವೈದ್ಯರನ್ನು ಕೇಳದೆ ಅನ್ನ ನೀರು ಬಿಡಬೇಡಿ. ಸಣ್ಣ ಹೊಟ್ಟೆಗೆ ಒಂದೇ ಸಲ ಹೆಚ್ಚು ನೀರು ಕುಡಿಯೋಕೂ ಆಗಲ್ಲ, ಅವರು ದಿನವಿಡೀ ಗುಟುಕು ಗುಟುಕಾಗಿ ಕುಡಿಯಬೇಕು. ಬಾಟಲಿ ಹಿಡಿದು ಕೂತವರನ್ನು ನೋಡಿ ಯಾರೂ ಪಿಸುಗುಟ್ಟಬೇಡಿ. ಅವರು ಬೇಕಾದರೆ ಆ ದಿನ ಮೊಬೈಲ್ ಬಿಡಲಿ, ಕೋಪದ ಮಾತು ಬಿಡಲಿ. ಅದೂ ಉಪವಾಸವೇ. ಪ್ರೀತಿ ಭೋಜನ ಇಟ್ಟಾಗ ಬಿರಿಯಾನಿ ಪಕ್ಕದಲ್ಲಿ ಬೇಯಿಸಿದ ಮೊಟ್ಟೆ, ಬೇಳೆಕಟ್ಟು ಇಟ್ಟರೆ ಖರ್ಚು ಎಷ್ಟಾದೀತು?

ಕೊನೆಗೆ, ಈ ದಾರಿಯಲ್ಲಿ ನಡೆಯುತ್ತಿರುವ ಅಕ್ಕ ಅಣ್ಣಂದಿರಿಗೆ ಒಂದು ಮಾತು. ನಿನ್ನೆ ಎರಡು ವಡೆ ತಿಂದುಬಿಟ್ಟಿದ್ದರೆ ಇವತ್ತು ಸಭೆ ತಪ್ಪಿಸಬೇಡಿ, ಡಾಕ್ಟರ ಬಳಿ ಹೋಗುವುದನ್ನೂ ತಪ್ಪಿಸಬೇಡಿ. ನಾಚಿಕೆ ಮನುಷ್ಯನನ್ನು ಒಂಟಿ ಮಾಡುತ್ತದೆ, ಒಂಟಿತನ ಮತ್ತೆ ಡಬ್ಬಿಯ ಮುಚ್ಚಳ ತೆಗೆಸುತ್ತದೆ. ಮುಂದಿನ ಹೊತ್ತಿನ ಊಟದಿಂದ ಮತ್ತೆ ಶುರು ಮಾಡಿ. ನಿಮ್ಮನ್ನು ಉಂಟುಮಾಡಿದಾತನು ನಿಮ್ಮ ದೊಡ್ಡ ಹೊಟ್ಟೆಯನ್ನೂ ಪ್ರೀತಿಸಿದನು, ಚಿಕ್ಕ ಹೊಟ್ಟೆಯನ್ನೂ ಪ್ರೀತಿಸುತ್ತಾನೆ. ಎಲ್ಲರೂ ಎದ್ದು ನಿಲ್ಲೋಣ, ನಮ್ಮ ಊಟಕ್ಕಾಗಿ, ಪಕ್ಕದಲ್ಲಿ ಕೂತು ಉಣ್ಣುವವರಿಗಾಗಿ ಪ್ರಾರ್ಥನೆ ಮಾಡೋಣ. ಆಮೆನ್.