ಹನ್ನೆರಡು ದಿನದ ನೇಮ

ಪಾಂಬನ್ ಸೇತುವೆ ದಾಟಿದವರೆಲ್ಲ ನೇರ ರಾಮೇಶ್ವರಕ್ಕೆ ಹೋಗ್ತಾರೆ. ನಾವು ಮೂವರು ಗೆಳೆಯರು ಬಲಕ್ಕೆ ತಿರುಗಿ, ಮೀನುಗಾರರ ಹಳ್ಳಿಯೊಂದಕ್ಕೆ ಬಂದಿದ್ವಿ. ಹಳ್ಳಿಯ ಮುಂದೆ ಕಾಣೋ ಸಮುದ್ರವೇ ಮನ್ನಾರ್ ಖಾರಿಯ ರಾಷ್ಟ್ರೀಯ ಉದ್ಯಾನ. ಉದ್ಯಾನ ಅಂದ್ರೆ ಬಂಡೀಪುರದ ಥರ ಮರ, ಆನೆ ಅಲ್ಲ. ಇಲ್ಲಿಂದ ತೂತ್ತುಕುಡಿವರೆಗೆ ಸಾಲಾಗಿರುವ 21 ಪುಟ್ಟ ದ್ವೀಪಗಳು, ಸುತ್ತ ಹವಳದ ದಿಬ್ಬಗಳು, ಕಡಲಹಸು ಮೇಯುವ ಹುಲ್ಲು. 1986ರಿಂದ ಇದಕ್ಕೆ ಕಾನೂನಿನ ಕಾವಲಿದೆ.

ಮರಳಲ್ಲಿ ಬಿಳಿ ಹವಳದ ಚೂರೊಂದು ಸಿಕ್ತು. ಆಫೀಸಿನ ಮೇಜಿಗೆ ಚೆನ್ನಾಗಿರತ್ತೆ ಅಂತ ಜೇಬಿಗೆ ಹಾಕ್ಕೊಂಡೆ. ಪಕ್ಕದಲ್ಲಿ ಪಾಚಿ ಒಣಗಿಸ್ತಿದ್ದ ಅಕ್ಕ ನೋಡಿಬಿಟ್ಟರು. "ತಂಬಿ, ಅದನ್ನ ಅಲ್ಲೇ ಹಾಕು."

"ಸತ್ತಿರೋದು ಅಕ್ಕಾ, ಒಂದೇ ಒಂದು" ಅಂದೆ, ನನ್ನ ಹರಕುಮುರುಕು ತಮಿಳಲ್ಲಿ.

"ಎಲ್ಲರೂ ಒಂದೇ ತಗೊಳ್ಳೋದು" ಅಂದರು.

ನಾಚಿಕೆ ಆಯ್ತು. ಹವಳ ಉಳಿಸಿ ಅನ್ನೋ ಆನ್‌ಲೈನ್ ಮನವಿಗೆ ಸಹಿ ಹಾಕಿದ್ದವನು ನಾನೇ.

ಈ ಅಕ್ಕನ ಕೆಲಸ ಕಡಲಪಾಚಿ ಕೀಳೋದು. ಕಣ್ಣಿಗೆ ಕನ್ನಡಕ, ಬೆರಳಿಗೆ ಸುತ್ತಿದ ಬಟ್ಟೆ, ಸೊಂಟಕ್ಕೆ ಚೀಲ. ಉಸಿರು ಬಿಗಿಹಿಡಿದು ಮುಳುಗಬೇಕು. ಪಾಚಿ ಚೆನ್ನಾಗಿ ಬೆಳೆಯೋದು ದ್ವೀಪಗಳ ಸುತ್ತ, ಅಂದ್ರೆ ಹೋಗಬಾರದ ಜಾಗದಲ್ಲೇ. ಅಮ್ಮ, ಅಜ್ಜಿ ಕಾಲದಿಂದ ಇಳಿಯುತ್ತಿದ್ದ ನೀರಲ್ಲಿ ಇವರೀಗ ಅತಿಕ್ರಮಿಗಳು. ಗಾಜಿನ ತಳದ ದೋಣಿಗೆ ದುಡ್ಡು ಕೊಟ್ಟು ಹವಳ ನೋಡಬಂದ ನಾನು ಅತಿಥಿ.

ಹಾಗಂತ ಕಾನೂನು ಬೇಡ ಅನ್ನೋಕಾಗಲ್ಲ. ಸುಣ್ಣಕ್ಕೆ ಅಂತ ವರ್ಷಗಟ್ಟಲೆ ಇಲ್ಲಿ ಹವಳ ಅಗೆದರು. ಎರಡು ದ್ವೀಪಗಳು ಮುಳುಗಿಹೋದವು. ಯಾರೂ ತಡೆಯದಿದ್ದರೆ ಏನಾಗತ್ತೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಈ ಹೆಂಗಸರಿಗೆ ತಮ್ಮದೇ ಒಂದು ನೇಮವೂ ಇದೆ. ತಿಂಗಳಿಗೆ 12 ದಿನ ಮಾತ್ರ ಕೊಯ್ಲು: ಅಮಾವಾಸ್ಯೆಯ ಆಸುಪಾಸು ಆರು, ಹುಣ್ಣಿಮೆಯ ಆಸುಪಾಸು ಆರು. ಕೈಯಲ್ಲೇ ಕೀಳಬೇಕು, ಹೆರೆಯೋ ಹಾಗಿಲ್ಲ. ನಾನು ಸ್ವಲ್ಪ ಬುದ್ಧಿವಂತಿಕೆ ತೋರಿಸಿದೆ: "ಆ ದಿನ ನೀರು ತುಂಬಾ ಇಳಿಯತ್ತೆ, ನಿಮಗೂ ಅನುಕೂಲ ಅಲ್ವಾ?"

"ಹೌದು" ಅಂದರು, ಏನೂ ಬೇಜಾರಿಲ್ಲದೆ. "ಆದ್ರೆ ಮಿಕ್ಕ ದಿನಾನೂ ಹೊಟ್ಟೆ ಹಸಿಯತ್ತಲ್ಲ. ರೇಟು ಏರಿದಾಗ ಕದ್ದು ಹೋಗೋರೂ ಇದ್ದಾರೆ. ಬಯ್ತೀವಿ. ಮುಂದಿನ ತಿಂಗಳೂ ಪಾಚಿ ಬೇಕಲ್ಲ."

ಸ್ವಂತ ಲಾಭಕ್ಕೆ ಪಾಲಿಸೋ ನೇಮ ಒಳ್ಳೇತನ ಆಗತ್ತಾ? ವಾಪಸ್ ಬರೋ ದಾರಿಯಲ್ಲಿ ನಾವು ಮೂವರೂ ಇದನ್ನೇ ಚರ್ಚಿಸಿದ್ವಿ. ನನಗೆ ಅನ್ನಿಸಿದ್ದು ಇಷ್ಟು: ಅವರ ನೇಮಕ್ಕೆ ಬೆಲೆ ಇದೆ, ಪ್ರತಿ ತಿಂಗಳೂ ಸುಮಾರು 18 ದಿನದ ದುಡಿಮೆ. ನನ್ನ ಪರಿಸರಪ್ರೇಮಕ್ಕೆ ಅಂಥ ಬೆಲೆ ಯಾವತ್ತೂ ಬಿದ್ದಿಲ್ಲ. ನಾನು ಸಹಿ ಹಾಕಿದೆ, ಕೆಲಸ ನಿಲ್ಲಿಸಬೇಕಾದವರು ಇನ್ಯಾರೋ. ಬೇರೆಯವರ ತ್ಯಾಗಕ್ಕೆ ನಾನು ಮತ ಹಾಕಿ, ಅದನ್ನು ನನ್ನ ಮೌಲ್ಯ ಅಂತ ಕರೆದುಕೊಂಡಿದ್ದೆ. ನಿಷೇಧ ಸರಿಯಾಗಿದ್ದರೂ ಅದರ ಭಾರ ಒಬ್ಬರ ತಲೆ ಮೇಲೇ ಬಿದ್ದರೆ ಅದು ನ್ಯಾಯವಾಗಲ್ಲ. ಕಡಿಮೆಪಕ್ಷ, ನಿಯಮ ಬರೆಯುವಾಗ 12 ದಿನದ ನೇಮ ಗೊತ್ತಿರೋರನ್ನು ಪಕ್ಕದಲ್ಲಿ ಕೂರಿಸ್ಕೋಬೇಕು.

ಬೆಂಗಳೂರಿಗೆ ಬಂದ ಮೇಲೆ ಫ್ರಿಜ್‌ನಲ್ಲಿದ್ದ ಐಸ್‌ಕ್ರೀಮ್ ಡಬ್ಬಿ ತಿರುಗಿಸಿ ನೋಡಿದೆ. ಸ್ಟೆಬಿಲೈಸರ್ 401. ಗೂಗಲ್ ಮಾಡಿದರೆ, ಕಡಲಪಾಚಿಯಿಂದ ತೆಗೆಯೋ ಆಲ್ಜಿನೇಟ್. ಆ ನೀರಿಗೂ ನನ್ನ ಬಟ್ಟಲಿಗೂ ನಂಟಿದೆ ಅಂತ ಅಷ್ಟು ದಿನ ಗೊತ್ತೇ ಇರಲಿಲ್ಲ.

ಐಸ್‌ಕ್ರೀಮ್ ತಿಂದೆ, ಸುಳ್ಳು ಹೇಳಲ್ಲ. ಆದರೆ ಮೊನ್ನೆ ಮತ್ತೊಂದು ಮನವಿ ಬಂತು, ಬೇರೆ ಯಾವುದೋ ಕಾಡು ಉಳಿಸಲು. ಸಹಿ ಹಾಕೋ ಮುಂಚೆ ಕಳಿಸಿದವರಿಗೆ ಒಂದು ಸಾಲು ಬರೆದೆ: ಇದು ಜಾರಿಯಾದರೆ ನಾಳೆ ಬೆಳಿಗ್ಗೆ ಕೆಲಸಕ್ಕೆ ಹೋಗಲಾಗದವರು ಯಾರು, ಅವರನ್ನು ಕೇಳಿದ್ದೀರಾ?

ಇನ್ನೂ ಉತ್ತರ ಬಂದಿಲ್ಲ.