ಇಂದಿನ ಧಮ್ಮ ಚಿಂತನೆ: ಕರುಣೆಯೋ, ಭಯವೋ?



ಗರುಡಾಚಾರ್‌ಪಾಳ್ಯದ ನಮ್ಮ ಮನೆ ಹತ್ತಿರ ಬೈಕಿನಿಂದ ಬಿದ್ದು ತಮ್ಮನ ತಲೆಗೆ ಪೆಟ್ಟಾಯಿತು. ಐಸಿಯುನಲ್ಲಿ ವೆಂಟಿಲೇಟರ್ ಹಾಕಿದರು. ಐದನೇ ದಿನ ಡಾಕ್ಟರು, "ಮೆಷಿನ್ನಿನ ಸಹಾಯ ಅರ್ಧ ಗಂಟೆ ಕಮ್ಮಿ ಮಾಡಿ ನೋಡ್ತೀವಿ" ಎಂದರು. ಅವ್ವ ಅತ್ತಳು: "ಬರ್ತಿರೋ ಉಸಿರನ್ನ ಯಾಕಪ್ಪಾ ಕಿತ್ಕೊತೀರಿ?" ನನಗೂ ಹಾಗೇ ಅನ್ನಿಸಿತು.

ಡಾಕ್ಟರು ಬಿಡಿಸಿ ಹೇಳಿದರು. ಮೆಷಿನ್ನೇ ಉಸಿರಾಡಿಸುತ್ತಿದ್ದರೆ ಎದೆಯ ಕೆಳಗಿನ ವಪೆ ಕೆಲವೇ ದಿನಗಳಲ್ಲಿ ಸೊರಗುತ್ತದೆ, ನ್ಯುಮೋನಿಯಾದ ಅಪಾಯವೂ ಹೆಚ್ಚುತ್ತದೆ. ಆದರೆ ಮೆದುಳಿಗೆ ಪೆಟ್ಟಾದವರಿಗೆ ಶ್ವಾಸಕೋಶ ಚೆನ್ನಾಗಿದ್ದರೆ ಸಾಲದು. ಕೆಮ್ಮಿ ಕಫ ಹೊರಹಾಕಬೇಕು, ಎಂಜಲು ನುಂಗಬೇಕು. ಬೇಗ ತೆಗೆದರೂ ಕಷ್ಟ, ತಡವಾದರೂ ಕಷ್ಟ.

ಅಂದು ತಮ್ಮ ಹತ್ತೇ ನಿಮಿಷಕ್ಕೆ ಸುಸ್ತಾದ. ಪಕ್ಕದಲ್ಲೇ ನಿಂತು ಅವನ ಉಸಿರು ಎಣಿಸುತ್ತಿದ್ದ ನರ್ಸಮ್ಮ ಕೂಡಲೇ ಸಹಾಯ ಹೆಚ್ಚಿಸಿದರು. ಮರುದಿನ ಮತ್ತೆ ನೋಡಿದರು. ಅದರ ಮರುದಿನವೂ.

ಕನ್ನಡದಲ್ಲಿ ಉಪೇಕ್ಷೆ ಎಂದರೆ ಅಸಡ್ಡೆ. ಧಮ್ಮದ ಉಪೇಕ್ಖೆ ಬೇರೆ. ಕೈ ಹತ್ತಿರವೇ ಇಟ್ಟು, ಹಿಡಿದುಕೊಳ್ಳದೆ, ಎಚ್ಚರದಿಂದ ಕಾಯುವುದು. ಅದನ್ನು ನಾನು ಕಂಡದ್ದು ಆ ಮಂಚದ ಪಕ್ಕದಲ್ಲಿ. ಆಸರೆ ತೆಗೆಯಬೇಡಿ ಎಂಬ ನನ್ನ ಕರುಣೆಯಲ್ಲಿ ಅರ್ಧ ನನ್ನದೇ ಭಯವಿತ್ತು.

ಬುದ್ಧರು ಮೋಕ್ಷದಾತರಲ್ಲ, ಮಾರ್ಗದಾತರು ಎಂದು ಬಾಬಾಸಾಹೇಬರು 1957ರಲ್ಲಿ ಪ್ರಕಟವಾದ ತಮ್ಮ ಧಮ್ಮ ಗ್ರಂಥದಲ್ಲಿ ತಿಳಿಸಿದ್ದಾರೆ. ದಾರಿ ತೋರಬಹುದು, ಜೊತೆಗಿರಬಹುದು, ನಡೆಯಬೇಕಾದವರು ಅವರವರೇ.

ತಮ್ಮ ಈಗ ಗಂಟಲಿಗೆ ಹಾಕಿದ ಕೊಳವೆಯಿಂದ ತಾನೇ ಉಸಿರಾಡುತ್ತಾನೆ. ನನ್ನ ಗುರುತು ಇನ್ನೂ ಹಿಡಿದಿಲ್ಲ. ದಿನವೂ ಹೋಗಿ ಪಕ್ಕದಲ್ಲಿ ಕೂರುತ್ತೇನೆ.

ಇಂದು ನಮ್ಮನ್ನೇ ಕೇಳಿಕೊಳ್ಳೋಣ: ನಾವು ಕೊಡುತ್ತಿರುವ ಆಸರೆ ಅವರಿಗಾಗಿಯೋ, ನಮ್ಮ ಭಯಕ್ಕಾಗಿಯೋ?

ಭವತು ಸಬ್ಬ ಮಂಗಲಂ 🪷